ಎಂಜಿನ್ ಸರಿಯಿತ್ತು

ಕೋಲ್ಬಿ ಫಾಸ್ ತನ್ನ ಸೋದರಮಾವನ ಬೋಟಿನಲ್ಲಿ ಸತ್ತ. ಬೋಟಿನಲ್ಲಿ ರೇಡಿಯೊ ಇತ್ತು. ಅದರಿಂದ ಸಹಾಯಕ್ಕೆ ಕರೆ ಹೋಗಲಿಲ್ಲ.

ಮೇನ್ ರಾಜ್ಯದ ಕಡಲಂಚಿನ ಟೆನಿ ಕೋವ್‌ನಲ್ಲಿ ಇದು ನಡೆದದ್ದು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಆ ಹೊತ್ತಿಗೆ ಕೋಲ್ಬಿಯ ತಾಯಿ ಕೊರಿನಾ ಅಡುಗೆಮನೆಯ ಮೇಜಿನ ಮುಂದೆ ಕೂತು ಬೇಯಿಸಿದ ಏಡಿ ಬಿಡಿಸುತ್ತಿದ್ದಳು. ಚಿಪ್ಪು ಒಡೆದು, ಕಾಲಿನೊಳಗಿನ ಎಳೆಯಷ್ಟು ಮಾಂಸವನ್ನೂ ಬಿಡದೆ ತೆಗೆದು, ಡಬ್ಬಿಗೆ ತುಂಬಿ ಅಂಗಡಿಗೆ ಕಳಿಸುವುದು ಅವಳ ದುಡಿಮೆ. ಗಂಡ ಹೋದಮೇಲೆ ಮನೆ ನಡೆದದ್ದು ಅದರಿಂದ ಮತ್ತು ಮಗನ ರಟ್ಟೆಯಿಂದ. ಗೋಡೆಯ ಹಲಗೆಯ ಮೇಲೆ ರೇಡಿಯೊ ಕೂತಿತ್ತು. ಹಾಡಿನ ರೇಡಿಯೊ ಅಲ್ಲ, ಬೋಟಿನವರು ತಮ್ಮತಮ್ಮಲ್ಲಿ ಆಡುವ ಮಾತು ಕೇಳಿಸುವ ರೇಡಿಯೊ. ಕಡಲಿಗೆ ಗಂಡನನ್ನೋ ಮಗನನ್ನೋ ಕಳಿಸಿದ ಯಾವ ಹೆಂಗಸೂ ಟೆನಿ ಕೋವ್‌ನಲ್ಲಿ ಅದನ್ನು ಆರಿಸುವುದಿಲ್ಲ. ಕಡಲ ತಳಕ್ಕಿಳಿಸಿದ ಯಾರ ಬೋನಿಗೆ ಎಷ್ಟು ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸೀಗಡಿ ಬಿತ್ತು, ಯಾರ ಹಗ್ಗ ಯಾರದ್ದಕ್ಕೆ ಸುತ್ತಿಕೊಂಡಿತು, ಯಾರ ಹೆಂಡತಿ ಮುನಿಸಿಕೊಂಡು ಅಕ್ಕನ ಮನೆ ಸೇರಿದಳು, ಎಲ್ಲವೂ ಅದರಲ್ಲೇ ಗೊತ್ತಾಗುವುದು.

ಅಂದು ದಟ್ಟ ಮಂಜು. ಬಂದರಿನ ಹಿರಿಯ ಮರ್ಲ್ ತನ್ನ ರಾಡಾರ್‌ನಲ್ಲಿ ಕೋಲ್ಬಿ ದುಡಿಯುತ್ತಿದ್ದ ಬೋಟು ಹಿಂದಿರುಗುತ್ತಿರುವುದನ್ನು ಕಂಡು, ಅದರ ಕ್ಯಾಪ್ಟನ್ ಆದ ಅವಳ ತಮ್ಮ ವಾನ್‌ನನ್ನು ಕೇಳಿದ್ದು ಕೊರಿನಾಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನಯ್ಯಾ ವಾನ್, ಬೋನೆಲ್ಲಾ ಇನ್ನೂ ನೀರಲ್ಲೇ ಇದಾವೆ. ನೀನಾಗ್ಲೇ ಮನೆ ಕಡೆ ತಿರುಗಿಸಿದೀಯಲ್ಲ?"

"ಎಂಜಿನ್ ತೊಂದ್ರೆ."

"ಪಕ್ಕದಲ್ಲೇ ಇದೀನಿ. ಬಂದು ಎಳ್ಕೊಂಡು ಹೋಗ್ಲಾ?"

"ಬೇಡ. ನಿಭಾಯಿಸ್ತೀನಿ."

ಕೊರಿನಾ ಒಳಗೊಳಗೇ ಹಿಗ್ಗಿದಳು. ಮಗ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾನೆ. ಏಡಿಯನ್ನು ಅತ್ತ ಸರಿಸಿ, ಕೈ ತೊಳೆದು, ಹಾಲು ಹಾಕಿದ ಮೀನಿನ ಸಾರಿಗೆ ಆಲೂಗಡ್ಡೆ ಹೆಚ್ಚತೊಡಗಿದಳು. ಅವನಿಗೆ ಆಲೂಗಡ್ಡೆ ದೊಡ್ಡ ದೊಡ್ಡ ಹೋಳೇ ಇರಬೇಕು. ಸಾರು ಕುದಿಯುವಷ್ಟರಲ್ಲಿ ಬೋಟು ಕಟ್ಟುವ ಧಕ್ಕೆಯ ಕಡೆಯಿಂದ ಆಂಬ್ಯುಲೆನ್ಸ್ ಸದ್ದು ಬಂತು. ಅವಳು ಒಲೆ ಆರಿಸದೆ ಓಡಿದಳು.

ಧಕ್ಕೆಯ ಹಲಗೆಗಳ ಮೇಲೆ ಮಗನನ್ನು ಮಲಗಿಸಿದ್ದರು. ಕಿತ್ತಳೆ ಬಣ್ಣದ ರಬ್ಬರ್ ಪ್ಯಾಂಟು ಇನ್ನೂ ಮೈಮೇಲಿತ್ತು. ಬೋನಿಗೆ ಹಾಕುವ ಉಪ್ಪುಮೀನಿನ ವಾಸನೆ ಅವನ ಕೈಯಲ್ಲಿ ಇನ್ನೂ ಇತ್ತು. ತುಟಿ ಮಾತ್ರ ಅವನದಾಗಿರಲಿಲ್ಲ. ಅದು ನೀಲಿಯಾಗಿತ್ತು.

*

ಕೋಲ್ಬಿ ದುಶ್ಚಟದವನೆಂದು ಊರಲ್ಲಿ ಯಾರೂ ಅಂದವರಲ್ಲ. ಎರಡು ಚಳಿಗಾಲದ ಹಿಂದೆ ಬೋನು ಎಳೆಯುವಾಗ ಹಗ್ಗ ಜಗ್ಗಿ ಅವನ ಭುಜದ ಸ್ನಾಯು ಹರಿದಿತ್ತು. ಆಸ್ಪತ್ರೆಯಲ್ಲಿ ನೋವಿನ ಮಾತ್ರೆ ಕೊಟ್ಟರು, ಸ್ವಲ್ಪ ಕಾಲದ ಮೇಲೆ ಇನ್ನು ಕೊಡುವುದಿಲ್ಲ ಎಂದರು. ಭುಜ ಆ ಮಾತನ್ನು ಕೇಳಲಿಲ್ಲ. ಬೋಟಿನಲ್ಲಿ ರಜೆ ಎಂಬುದಿಲ್ಲ. ಜೊತೆಗಾರನಿಲ್ಲದೆ ಕ್ಯಾಪ್ಟನ್ ಕಡಲಿಗೆ ಹೋಗುವಂತಿಲ್ಲ, ಕಡಲಿಗೆ ಹೋಗದಿದ್ದರೆ ಇಬ್ಬರ ಮನೆಯಲ್ಲೂ ಒಲೆ ಉರಿಯುವಂತಿಲ್ಲ. ಅವನು ಶೆಲ್ಲಿ ಕಾರ್ವರ್‌ಳ ಮನೆಗೆ ಹೋಗತೊಡಗಿದ.

ಶೆಲ್ಲಿ ಅವನ ಜೊತೆ ಶಾಲೆಗೆ ಹೋದವಳು. ಕೂಲಿಗಾಗಿ ಮೀನು ಕೊಯ್ಯುತ್ತಿದ್ದಳು, ತಾನೇ ಮಾತ್ರೆಯ ಚಟಕ್ಕೆ ಬಿದ್ದಿದ್ದಳು. ದಕ್ಷಿಣದ ದೊಡ್ಡ ನಗರಗಳಿಂದ ಹೆದ್ದಾರಿ ಹಿಡಿದು ಬರುವ ಇಬ್ಬರು ಅವಳ ಮನೆಯನ್ನೇ ತಮ್ಮ ಅಂಗಡಿ ಮಾಡಿಕೊಂಡಿದ್ದರು. ಬಾಡಿಗೆಯ ಬದಲು ಅವಳಿಗೆ ಮಾತ್ರೆ. ನಗರದಲ್ಲಿ ಪುಡಿಗಾಸಿಗೆ ಸಿಗುವುದು ಈ ತುದಿಯಲ್ಲಿ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಇಲ್ಲಿ ಭುಜ, ಸೊಂಟ, ಮಣಿಕಟ್ಟು ನೋಯದವರು ಯಾರಿದ್ದಾರೆ? ಮಾತ್ರೆ ನೋಡಲು ಔಷಧಿ ಅಂಗಡಿಯದರಂತೆಯೇ. ಅದೇ ನೀಲಿ, ಅದೇ ಅಚ್ಚು. ಒಳಗಿದ್ದದ್ದು ಅಫೀಮಿನ ಜಾತಿಯ, ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಫೆಂಟನಿಲ್. ಒಂದರಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಎಂಬುದು ಅದನ್ನು ಅಚ್ಚೊತ್ತಿದವನಿಗೂ ತಿಳಿಯದು.

ಮಗನ ಸಾವಿನ ಮರುದಿನ ಬೆಳಿಗ್ಗೆ ಕೊರಿನಾ ಅಡುಗೆಮನೆಯಲ್ಲಿ ಕೂತಿದ್ದಳು. ಏಡಿ ಇರಲಿಲ್ಲ, ಕೈ ಸುಮ್ಮನೆ ಮೇಜಿನ ಮೇಲಿತ್ತು. ಬಂದರಿನಿಂದ ಒಂದು ಎಂಜಿನ್ ಎದ್ದ ಸದ್ದು ಬಂತು. ಮೊದಲು ಒಮ್ಮೆ ಕೆಮ್ಮಿ, ಆಮೇಲೆ ಒಂದೇ ಸಮನೆ ಗುನುಗುವ ಸದ್ದು. ಅದು ವಾನ್‌ನ ಬೋಟು. ಅವರಿಬ್ಬರ ತಾಯಿಯ ಹೆಸರಿನ 'ಯೂನಿಸ್ ಮೇ'. ಹುಟ್ಟಿದಾಗಿನಿಂದ ಎಂಜಿನ್‌ಗಳ ನಡುವೆ ಬೆಳೆದವಳಿಗೆ ಬೋಟಿನ ಸದ್ದು ಎಂದರೆ ಮನೆಯವರ ಕೆಮ್ಮು ಇದ್ದಂತೆ. ವಾನ್ ಅದನ್ನು ಒಂದು ಕಟ್ಟುಗೂಟದಿಂದ ಇನ್ನೊಂದಕ್ಕೆ ಸರಿಸುತ್ತಿದ್ದಾನೆಂದು ಅವಳು ಊಹಿಸಿದಳು. ಎಂಜಿನ್ ಒಂದು ಕಡೆಯೂ ತಡವರಿಸಲಿಲ್ಲ. ರಾತ್ರಿಯೆಲ್ಲ ಆ ಬೋಟನ್ನು ರಿಪೇರಿಗೆಂದು ಯಾರೂ ಮುಟ್ಟಿರಲಿಲ್ಲ. ಬೆಳಗಾಗುವವರೆಗೆ ಧಕ್ಕೆಯ ಮೇಲೆ ಪೊಲೀಸರ ಹಗ್ಗವೇ ಕಟ್ಟಿತ್ತು.

ಅವಳು ಹಲಗೆಯ ಮೇಲಿನ ರೇಡಿಯೊ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

*

ರಾಜ್ಯದ ಮಾದಕ ವಸ್ತು ತಡೆ ಪಡೆಯ ಇಬ್ಬರು ಬಂದರು. ಸೌಜನ್ಯದಿಂದಲೇ ಮಾತಾಡಿದರು, ಅವಳು ಕೊಟ್ಟ ಕಾಫಿ ಕುಡಿದರು, ಮಾತ್ರೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಅವರು ಬರುವ ಮೊದಲೇ ಮರ್ಲ್ ಬಂದು ಹೋಗಿದ್ದ. ಹೃದಯ ನಿಂತಿತು ಅಂತ ಹೇಳಿದರೆ ಸಾಕು, ಬೋಟಿನ ಮಾತು ಬೇಡ, ಬಂದರಿನ ಹೆಸರು ಕೆಡುತ್ತದೆ, ವಾನ್‌ನ ಬೋಟು ಜಪ್ತಿಯಾಗುತ್ತದೆ ಎಂದಿದ್ದ. ಕೊರಿನಾ ಮರ್ಲ್‌ಗೂ ಅಧಿಕಾರಿಗಳಿಗೂ ಏನೂ ಹೇಳಲಿಲ್ಲ. ಮಾತ್ರೆ ಎಲ್ಲಿಂದ ಬಂತೆಂದು ಹೇಳದೆಯೂ ಅಧಿಕಾರಿಗಳಿಗೆ ಗೊತ್ತಿತ್ತು. ಆ ವಾರವೇ ಶೆಲ್ಲಿಯನ್ನು ಹಿಡಿದರು. ಮೇಜಿನ ಮೇಲೆ ಪೊಟ್ಟಣಗಳನ್ನು ಜೋಡಿಸಿ ತೆಗೆದ ಚಿತ್ರ ಪತ್ರಿಕೆಯಲ್ಲಿ ಬಂತು, ಪಕ್ಕದಲ್ಲಿ ತಲೆ ಬಾಚದ ಶೆಲ್ಲಿಯ ಮುಖ. ದಕ್ಷಿಣದ ಇಬ್ಬರು ಹಿಂದಿನ ದಿನವೇ ಜಾಗ ಖಾಲಿ ಮಾಡಿದ್ದರು. ಪಕ್ಕದ ಊರಿನಲ್ಲಿ ಚಟ ಹತ್ತಿದ ಇನ್ನೊಬ್ಬಳ ಮನೆ ಅಂಗಡಿಯಾಯಿತು. ಅದೇ ನೀಲಿ, ಅದೇ ಅಚ್ಚು. ಹಿಡಿಯುವವರ ಬಲೆ ಯಾವಾಗಲೂ ಹೀಗೆಯೇ. ಸಣ್ಣದು ಸಿಕ್ಕಿಬೀಳುತ್ತದೆ, ದೊಡ್ಡದು ಹರಿದುಕೊಂಡು ಹೋಗುತ್ತದೆ, ಸತ್ತದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಶನಿವಾರ ಆಡ್ರಾ ಬಂದಳು, ಕಾಕಂಬಿ ಹಾಕಿ ಬೇಯಿಸಿದ ಬೀನ್ಸಿನ ಪಾತ್ರೆ ಹಿಡಿದು. ಅವಳು ಊರಿನ ಚಿಕಿತ್ಸಾಲಯದ ನರ್ಸು. ಇಲ್ಲೇ ಮದುವೆಯಾಗಿ, ಇಲ್ಲೇ ಮಕ್ಕಳನ್ನು ಹೆತ್ತರೂ ಟೆನಿ ಕೋವ್‌ನ ಲೆಕ್ಕದಲ್ಲಿ ಹೊರಗಿನವಳೇ. ವಾನ್ ಕೂಡ ಅಲ್ಲೇ ಇದ್ದ. ಸಾವಿನ ನಂತರ ಅವನು ದಿನವೂ ಬಂದು, ಅಕ್ಕನ ಸೌದೆ ಒಡೆದು, ಅವಳ ಮುಖ ನೋಡದೆ ಹೋಗುತ್ತಿದ್ದ.

ಆಡ್ರಾ ಪಾತ್ರೆಯ ಜೊತೆ ಒಂದು ಪುಟ್ಟ ಬಿಳಿ ಪೆಟ್ಟಿಗೆಯನ್ನೂ ಮೇಜಿನ ಮೇಲಿಟ್ಟಳು. ಇಂಥ ಮಾತ್ರೆಯಿಂದ ನಿಂತ ಉಸಿರನ್ನು ಮರಳಿಸಲು ಮೂಗಿಗೆ ಹೊಡೆಯುವ ಔಷಧ, ನಲಾಕ್ಸೋನ್. ವಸಂತದಲ್ಲೇ ಇಂಥ ಒಂದು ಪೆಟ್ಟಿಗೆಯನ್ನು ಧಕ್ಕೆಯ ಮೀನುಗಾರರ ಸಂಘಕ್ಕೆ ಕೊಟ್ಟಿದ್ದಳಂತೆ. ಹೊರಗೆ ನೇತುಹಾಕಿದರೆ ಲಾಬ್‌ಸ್ಟರ್ ಕೊಳ್ಳಲು ಬಂದವರು ನಾವೆಲ್ಲ ಚಟಗಾರರು ಅಂದುಕೊಳ್ಳುತ್ತಾರೆ ಎಂದು ಮರ್ಲ್ ಅದನ್ನು ಕಪಾಟಿನಲ್ಲಿ ಹಳೆ ಹಗ್ಗದ ಕೆಳಗೆ ತುರುಕಿದ್ದ.

ವಾನ್ ಅದನ್ನು ನೋಡಿ ಮುಖ ಸಿಂಡರಿಸಿದ. "ಸತ್ತಮೇಲೆ ಔಷಧಿ ತಂದಿದೀಯಾ."

"ಸತ್ತವನಿಗಲ್ಲ ವಾನ್. ನಿನ್ನ ಮುಂದಿನ ಜೊತೆಗಾರನಿಗೆ."

ಆಡ್ರಾ ಕೂತು, ಗೊತ್ತಿರಬೇಕಾದ್ದನ್ನು ಒಂದೊಂದಾಗಿ ಹೇಳಿದಳು. ಫೆಂಟನಿಲ್ ಮೊದಲು ಉಸಿರನ್ನು ನಿಧಾನ ಮಾಡುತ್ತದೆ. ಮನುಷ್ಯ ನಿದ್ದೆ ಹೋದಂತೆ ಕಾಣುತ್ತಾನೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಅದು ಗೊರಕೆಯಲ್ಲ, ಉಸಿರು ಸಿಗದ ಸದ್ದು. ತುಟಿ, ಉಗುರು ನೀಲಿಗಟ್ಟುತ್ತವೆ. ಎದೆಯ ಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿದರೂ ಏಳದಿದ್ದರೆ ಕಾಯಬಾರದು, ಕರೆ ಮಾಡಬೇಕು. ಮೂಗಿಗೆ ಇದನ್ನು ಹೊಡೆದು, ಬಾಯಿಂದ ಉಸಿರು ಕೊಡುತ್ತಿರಬೇಕು. ಅವನು ತೆಗೆದುಕೊಂಡದ್ದು ಬೇರೇನೋ ಆಗಿದ್ದರೂ ಇದರಿಂದ ಕೆಡುಕಿಲ್ಲ. ಎದ್ದು ಕೂತರೂ ಬಿಟ್ಟು ಹೋಗಬಾರದು, ಔಷಧದ ಬಲ ಇಳಿದಾಗ ವಿಷ ಮತ್ತೆ ತಲೆಯೆತ್ತಬಹುದು.

ಗೊರಕೆಯ ಮಾತು ಬಂದಾಗ ವಾನ್ ಬಾಯಿಯ ಹತ್ತಿರ ತಂದ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟ. ಕೊರಿನಾ ಅದನ್ನು ನೋಡಿದಳು.

"ಕರೆ ಮಾಡೋದಂತೆ," ವಾನ್ ಅಂದ. "ನಿಂಗೇನು, ಚಿಕಿತ್ಸಾಲಯದಲ್ಲಿ ಕೂತಿರ್ತೀಯ. ನಾವು ಕರೆ ಮಾಡಿದ್ರೆ ಬರೋದು ಡಾಕ್ಟ್ರಲ್ಲ, ಬಂದೂಕು ಹಿಡ್ಕೊಂಡಿರೋ ಕೋಸ್ಟ್ ಗಾರ್ಡ್‌ನೋರು. ಆಚೆ ಬಂದರಿನ ಹಾರ್ಲನ್ ಬೋಟಲ್ಲಿ ಏನೋ ಸಿಕ್ತು ಅಂತ ಇಡೀ ಸೀಸನ್ ಕಟ್ಟಾಕಿದ್ರು. ಅವ್ನ ಮಕ್ಳು ಆ ಚಳಿಗಾಲ ಏನ್ ತಿಂದ್ರು ಅಂತ ಯಾರಾದ್ರೂ ಕೇಳಿದ್ರಾ?"

ಈ ರಾಜ್ಯದಲ್ಲಿ ಜೀವ ಉಳಿಸಲು ಕರೆ ಮಾಡಿದವರನ್ನು ಮಾತ್ರೆ ಇಟ್ಟುಕೊಂಡಿದ್ದಕ್ಕಾಗಿ ಹಿಡಿಯುವಂತಿಲ್ಲ, ಹಾಗೆ ಕಾನೂನಿದೆ ಎಂದು ಆಡ್ರಾ ಹೇಳಿದಳು.

"ಅದು ರಾಜ್ಯದ್ದು. ಕೋಸ್ಟ್ ಗಾರ್ಡ್ ವಾಷಿಂಗ್ಟನ್ನಿಂದು, ಕೇಂದ್ರದ್ದು. ಕಡಲಲ್ಲಿ ಯಾರ ಕಾನೂನು ನಡೆಯುತ್ತೆ, ಹೇಳು ನೋಡೋಣ."

"ಅದು ನಂಗೆ ಸರಿಯಾಗಿ ಗೊತ್ತಿಲ್ಲ," ಎಂದಳು ಆಡ್ರಾ. "ಪೊಲೀಸ್‌ನೋರು ಒಳ್ಳೇವ್ರು ಅಂತ ನಾನು ಹೇಳ್ತಾ ಇಲ್ಲ, ವಾನ್. ಶೆಲ್ಲಿನ ಹಿಡಿದ್ರಲ್ಲ, ಅವಳಿಗೆ ಬೇಕಾಗಿದ್ದು ಚಿಕಿತ್ಸೆ. ಎರಡು ಸಲ ಜಾಗ ಕೇಳ್ಕೊಂಡು ಬಂದಿದ್ಲು, ನಮ್ಮತ್ರ ಹಾಸಿಗೆ ಇರ್ಲಿಲ್ಲ. ಜೈಲಲ್ಲಿ ಇತ್ತು. ಆದ್ರೆ ಬೋಟನ್ನ ಬಿಡಿಸ್ಕೊಂಡು ಬರೋಕೆ ವಕೀಲರಿದಾರೆ. ಹುಡುಗನ್ನ ಬಿಡಿಸ್ಕೊಂಡು ಬರೋಕೆ..."

ಕೊರಿನಾಳ ಮುಖ ಕಂಡು ಅವಳು ಎದ್ದಳು.

ಆಡ್ರಾ ಹೋದಮೇಲೆ ಕೊರಿನಾ ತಮ್ಮನ ಎದುರು ಕೂತಳು. ಚಿಕ್ಕಂದಿನಲ್ಲಿ ಅವನು ಧಕ್ಕೆಯಿಂದ ನೀರಿಗೆ ಬಿದ್ದಾಗ ಜುಟ್ಟು ಹಿಡಿದು ಎಳೆದು ಹಾಕಿದ್ದವಳು ಅವಳೇ. ಅದೇ ಅಕ್ಕನ ದನಿಯಲ್ಲಿ ಕೇಳಿದಳು.

"ಎಂಜಿನ್‌ಗೆ ಏನಾಗಿತ್ತು, ವಾನ್?"

ಅವನು ಕಿಟಕಿಯಾಚೆ ನೋಡಿದ.

"ನಾನಿಲ್ಲೇ ಕೂತು ಕೇಳಿಸ್ಕೊಂಡೆ. ಖುಷಿಯಾಯ್ತು ನಂಗೆ. ಸಾರಿಗಿಟ್ಟೆ."

ಆಗ ಅವನು ಬಾಯಿಬಿಟ್ಟ. ಹುಡುಗ ಎರೆಮೀನಿನ ಪೀಪಾಯಿಗೆ ಒರಗಿಕೊಂಡು ಗೊರಕೆ ಹೊಡೆಯುತ್ತಿದ್ದನಂತೆ. ಸೋಮಾರಿ ಎಂದು ಬೈದು, ಕೈಗವಸು ಎಸೆದನಂತೆ. ಆಮೇಲೆ ತುಟಿ ಕಂಡಿತು. ರೇಡಿಯೊದ ಮೈಕು ಕೈಗೆ ಬಂತು. ಇಡೀ ಬಂದರು ಕೇಳಿಸಿಕೊಳ್ಳುತ್ತದೆ, ಅಕ್ಕ ಕೇಳಿಸಿಕೊಳ್ಳುತ್ತಾಳೆ, ಬೋಟು ಹೋಗುತ್ತದೆ. ಮೈಕನ್ನು ಅದರ ಕೊಕ್ಕೆಗೆ ಮತ್ತೆ ಸಿಕ್ಕಿಸಿದ. ಪೂರ್ತಿ ವೇಗದಲ್ಲಿ ಮನೆಗೆ ಹೊಡೆದರೆ ತಲುಪಬಹುದು ಅಂದುಕೊಂಡ. ಮರ್ಲ್ ಕೂಗಿದಾಗ ಬಾಯಿಗೆ ಬಂದದ್ದು ಎಂಜಿನ್. ಮರ್ಲ್‌ನ ಬೋಟಿನಲ್ಲಿ ಅವನ ಅಳಿಯ ಇದ್ದ. ಅಳಿಯ ಊರಿನ ಅಗ್ನಿಶಾಮಕದಲ್ಲಿ ಸ್ವಯಂಸೇವಕ, ಉಸಿರು ಕೊಡಲು ಕಲಿತವನು. ಕಲ್ಲೆಸೆದರೆ ತಾಗುವಷ್ಟು ಹತ್ತಿರ ಇದ್ದರು.

"ಕಡಲಲ್ಲಿ ಬೇರೆ ಏನೇ ಆಗಿದ್ರೂ ಕೂಗ್ತಿದ್ದೆ, ರಿನಿ," ಅಕ್ಕನನ್ನು ಚಿಕ್ಕಂದಿನ ಹೆಸರಿನಿಂದ ಕರೆದು ವಾನ್ ಅಂದ. "ಬೆಂಕಿ ಬಿದ್ದಿದ್ರೆ, ಅವ್ನು ನೀರಿಗೆ ಬಿದ್ದಿದ್ರೆ. ದೇವ್ರಾಣೆ ಕೂಗ್ತಿದ್ದೆ."

"ಗೊತ್ತು," ಕೊರಿನಾ ಅಂದಳು.

ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಈ ಬಂದರಿನಲ್ಲಿ ಒಬ್ಬನ ಬೋಟು ಮುಳುಗುತ್ತಿದೆ ಎಂದರೆ ಅವನ ಜನ್ಮವೈರಿಯೂ ತನ್ನ ಬೋನಿನ ಹಗ್ಗ ಕತ್ತರಿಸಿ ಬಿಸುಟು ನೆರವಿಗೆ ಓಡುತ್ತಾನೆ. ಅದರಲ್ಲಿ ನಾಚಿಕೆ ಎಂಬುದಿಲ್ಲ. ನೀಲಿ ಮಾತ್ರೆಯಿಂದ ಮುಳುಗುವವನನ್ನು ಮಾತ್ರ ಮುಳುಗುತ್ತಿದ್ದಾನೆ ಎಂದು ಯಾರೂ ಕರೆಯುವುದಿಲ್ಲ. ಅವಳ ಮಗ ಸತ್ತದ್ದು ಆ ಒಂದು ಕಾರಣಕ್ಕೆ. ಇವತ್ತು ಹೃದಯ ಅಂದರೆ, ನಾಳೆ ಇನ್ನೊಂದು ಬೋಟಿನಲ್ಲಿ ಇನ್ನೊಂದು ಎಂಜಿನ್ ಕೆಡುತ್ತದೆ.

*

ಭಾನುವಾರ ಬೋಟುಗಳೆಲ್ಲ ಹೊರಟವು. ಕಡಲಿನವನೊಬ್ಬ ತೀರಿಕೊಂಡರೆ ಟೆನಿ ಕೋವ್‌ನಲ್ಲಿ ನಡೆಯುವ ಕ್ರಮ ಅದು. ದ್ವೀಪದಾಚೆ ಬೋಟುಗಳು ಸುತ್ತುಗಟ್ಟಿ ನಿಂತು ಎಂಜಿನ್ ಆರಿಸುತ್ತವೆ. ಹಿರಿಯ ಕ್ಯಾಪ್ಟನ್ ರೇಡಿಯೊದಲ್ಲಿ ಸತ್ತವನ ಹೆಸರು ಕೂಗುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ಉತ್ತರ ಬಾರದೆ ಹೋದಾಗ ಮನೆಯವರು ಅವನ ಬೋನುಗಳ ಗುರುತಾಗಿದ್ದ, ಅವನ ಬಣ್ಣ ಬಳಿದ ತೇಲುಗುಂಡನ್ನು ನೀರಿಗೆ ಬಿಡುತ್ತಾರೆ.

ಕೊರಿನಾ 'ಯೂನಿಸ್ ಮೇ'ಯ ಮೇಲೆ, ವಾನ್ ಪಕ್ಕದಲ್ಲಿ ನಿಂತಿದ್ದಳು. ಕೈಯಲ್ಲಿ ಮಗನ ತೇಲುಗುಂಡು, ಹಳದಿಯ ಮೇಲೆ ಹಸಿರು ಪಟ್ಟಿ. ಆ ಬಣ್ಣ ಆರಿಸಿದಾಗ ಅವನಿಗೆ ಹತ್ತು ವರ್ಷ. ದೂರದಲ್ಲಿ ಕೋಸ್ಟ್ ಗಾರ್ಡ್‌ನ ಬೋಟೂ ಗೌರವಕ್ಕೆಂದು ಬಂದು ನಿಂತಿತ್ತು.

"ಕೋಲ್ಬಿ ಫಾಸ್," ಮರ್ಲ್‌ನ ದನಿ ಎಲ್ಲ ಬೋಟುಗಳಲ್ಲೂ, ದಡದ ಎಲ್ಲ ಅಡುಗೆಮನೆಗಳಲ್ಲೂ ಕೇಳಿಸಿತು. "ಕೋಲ್ಬಿ ಫಾಸ್, ಕೇಳಿಸ್ತಾ ಇದೆಯಾ?"

ನೀರು ಬೋಟಿನ ಪಕ್ಕೆಗೆ ತಟ್ಟುವ ಸದ್ದು.

ಕೊರಿನಾ ತೇಲುಗುಂಡನ್ನು ಕೆಳಗಿಟ್ಟು ಕೊಕ್ಕೆಯಿಂದ ಮೈಕು ತೆಗೆದುಕೊಂಡಳು. ಅದನ್ನು ಹಿಡಿದು ಅಭ್ಯಾಸವಿರಲಿಲ್ಲ. ಗುಂಡಿ ಒತ್ತಿದಳು.

"ಕೋಲ್ಬಿಗೆ ಕೇಳಿಸಲ್ಲ ಮರ್ಲ್. ಅವ್ನ ಪರವಾಗಿ ನಾನು ಮಾತಾಡ್ತೀನಿ. ನನ್ನ ಮಗ ಹೃದಯ ನಿಂತು ಸಾಯ್ಲಿಲ್ಲ. ಶೆಲ್ಲಿ ಮನೇಲಿ ಕೊಂಡ್ಕೊಂಡ ಮಾತ್ರೆಯಿಂದ ಉಸಿರು ನಿಂತು ಸತ್ತ. ಅವತ್ತು ಈ ಬೋಟಿನ ಎಂಜಿನ್ ಸರಿಯಿತ್ತು."

ಅವಳು ಮುಂದುವರಿಸಿದಳು. ಗೊರಕೆಯ ಸದ್ದನ್ನು ಹೇಳಿದಳು, ತುಟಿಯ ಬಣ್ಣ ಹೇಳಿದಳು. ಧಕ್ಕೆಯ ಕಪಾಟಿನಲ್ಲಿ ಹಗ್ಗದ ಕೆಳಗಿರುವ ಬಿಳಿ ಪೆಟ್ಟಿಗೆಯನ್ನು ಹೊರಗೆ ನೇತುಹಾಕಬೇಕೆಂದಳು. ಕೂಗಿದ್ದರೆ ಇಲ್ಲಿರುವ ಪ್ರತಿಯೊಬ್ಬನೂ ಓಡಿ ಬರುತ್ತಿದ್ದ, ಅದು ತನಗೆ ಗೊತ್ತು ಎಂದಳು. ಗುಂಡಿಯ ಮೇಲಿನ ಬೆರಳನ್ನು ಅವಳು ಸಡಿಲಿಸಲಿಲ್ಲ.

ಅವಳು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಬೇರೆ ಯಾರೂ ರೇಡಿಯೊದಲ್ಲಿ ಮಾತಾಡುವಂತಿಲ್ಲ. ಮರ್ಲ್ ತನ್ನ ಬೋಟಿನ ಅಂಚಿಗೆ ಬಂದು ನೀರಿನ ಮೇಲಿಂದಲೇ ಕೂಗಿದ.

"ವಾನ್, ಆ ರೇಡಿಯೊ ಸೆಟ್ ಆರಿಸು. ಕೋಸ್ಟ್ ಗಾರ್ಡ್‌ನೋರು ಕೇಳಿಸ್ಕೋತಾ ಇದಾರೆ. ನಿನ್ನ ಬೋಟಿನ ಮಾತು ಕಣಯ್ಯಾ ಇದು."

ವಾನ್‌ನ ಕೈ ಸ್ವಿಚ್ಚಿನ ಹತ್ತಿರವೇ ಇತ್ತು.

ಇದನ್ನು ಓದುತ್ತಿರುವ, ಯಾರೋ ಓದುವುದನ್ನು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ಕೈ ಅಲ್ಲಿರುವಾಗಲೇ ನಿಮಗೊಂದು ಮಾತು. ನಿಮ್ಮೂರಿಗೆ ಕಡಲು ಇರಲಿ ಇಲ್ಲದಿರಲಿ, ನೋವು ಇದೆ, ನೋವನ್ನು ಮಾರುವವರೂ ಇದ್ದಾರೆ. ವೈದ್ಯರ ಚೀಟಿಯಿಲ್ಲದೆ ಕೈಯಿಂದ ಕೈಗೆ ಬಂದ ಮಾತ್ರೆಯನ್ನು, ಕೊಟ್ಟವನು ಗೆಳೆಯನಾದರೂ ನುಂಗಬೇಡಿ. ಮನೆಯಲ್ಲಿ ಯಾರಾದರೂ ಆ ಬಲೆಗೆ ಬಿದ್ದಿದ್ದರೆ ಬಾಗಿಲು ಮುಚ್ಚಿ ಬಚ್ಚಿಡಬೇಡಿ. ಚಿಕಿತ್ಸೆ ಕೇಳಿ, ಸಿಗದಿದ್ದರೆ ಗಲಾಟೆ ಮಾಡಿ ಕೇಳಿ. ಎಬ್ಬಿಸಿದರೂ ಏಳದೆ ಗೊರಗೊರ ಎನ್ನುತ್ತಿರುವವನನ್ನು ನಿದ್ದೆ ಮಾಡಲಿ ಎಂದು ಬಿಡಬೇಡಿ. ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅವನನ್ನು ಪಕ್ಕಕ್ಕೆ ಹೊರಳಿಸಿ, ಅವನ ಬಳಿಯೇ ಇರಿ. ಏನು ನುಂಗಿದ ಎಂಬುದನ್ನು ಬಂದವರಿಗೆ ಮುಚ್ಚಿಡದೆ ಹೇಳಿ. ಪೊಲೀಸರು ಬಂದಾರು, ನೆರೆಯವರು ಆಡಿಕೊಂಡಾರು. ಆಡಿಕೊಳ್ಳಲಿ. ಮೊದಲು ಕೂಗಿ.

ಮರ್ಲ್ ಇನ್ನೊಮ್ಮೆ ಕೂಗಿದ. ಕೋಸ್ಟ್ ಗಾರ್ಡ್‌ನ ಬೋಟು ಎಂಜಿನ್ ಎಬ್ಬಿಸಿ ನಿಧಾನವಾಗಿ ಇತ್ತ ತಿರುಗುತ್ತಿತ್ತು. ವಾನ್ ಅದನ್ನು ನೋಡಿದ. ಸ್ವಿಚ್ಚಿನಿಂದ ಕೈ ತೆಗೆದು, ಅಕ್ಕನ ಮಣಿಕಟ್ಟಿನ ಕೆಳಗೆ ಆಸರೆ ಕೊಟ್ಟು, ಮೈಕನ್ನು ಇಬ್ಬರ ಬಾಯಿಗಳ ನಡುವೆ ಹಿಡಿದ.

"ಆರಿಸಲ್ಲ, ಮರ್ಲ್," ಅಂದ.